ಹೊಲದಲ್ಲಿ ಸತ್ತ ಚಿಗರಿ ಯಾರದು?

ಹಿಂಗಾರಿ ಜೋಳ ತೆನೆಗಟ್ಟಿ, ಸೀತನಿಯ ದಿನಗಳು ಮುಗಿಯುತ್ತ ಬಂದಿದ್ದವು. ಅಕ್ಕಲಕೋಟ ತಾಲೂಕಿನಲ್ಲಿ ಭೀಮಾ ನದಿಯ ಕಡೆಗಿರುವ ಒಂದು ಹಳ್ಳಿಯ ನನ್ನ ಸ್ನೇಹಿತರು ಬೆಳಗಿನಲ್ಲಿ ಹೊಲಕ್ಕೆ ಹೋದಾಗ ಬದುವಿನ ಮಗ್ಗುಲಲ್ಲಿ ಒಂದು ಗಂಡು ಚಿಗರಿ ಸತ್ತು ಬಿದ್ದಿತ್ತು. ರಾತ್ರಿ ಊರ ನಾಯಿಗಳು ಬೆನ್ನಟ್ಟಿರಬೇಕು. ಹಿಂಗಾಲಿನಲ್ಲಿ ಹಲ್ಲಿನ ಗಾಯಗಳಿದ್ದವು. ಬೆನ್ನು ಕರಿದು, ಹೊಟ್ಟೆ ಬಿಳಿದು, ತಲೆಯ ಮೇಲೆ ಸುರುಳಿ ಸುರುಳಿಯಾಗಿ ಎದ್ದ ಎರಡಡಿಯ ಸಮೀಪದ ಕೊಂಬುಗಳು. ಜೀವ ಹೋಗಿದ್ದರೂ ನೋಡಲಿಕ್ಕೆ ಚೆಲುವಾಗಿಯೇ ಇತ್ತೆಂದು ಅವರು ಹೇಳಿದರು.

ಅರ್ಧ ತಾಸಿನಲ್ಲಿ ಹತ್ತು ಜನ ಕೂಡಿದರು, ಹತ್ತು ಬುದ್ಧಿ ಹೇಳಿದರು. ಕೊಂಬು ಕೊಯ್ದು ಎಣ್ಣೆ ಸವರಿ ಪಡಸಾಲೆಯ ಗೋಡೆಗೆ ತೂಗುಹಾಕೆಂದನೊಬ್ಬ. ತೊಗಲನ್ನು ಹದಮಾಡಿ ಮಠಕ್ಕೆ ಒಪ್ಪಿಸಿದರೆ ಪುಣ್ಯವೆಂದನು ಇನ್ನೊಬ್ಬ. ಊರ ಶಾಲೆಯ ಮಾಸ್ತರರು, ಒಳ್ಳೆಯ ಮನಸ್ಸಿನವರೇ, ತೊಗಲಿನಲ್ಲಿ ಹುಲ್ಲು ತುಂಬಿ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದರೆ ಮಕ್ಕಳು ಕಲಿಯುತ್ತಾರೆ ಎಂದರು. ವಯಸ್ಸಾದ ಒಬ್ಬರು ಮಾತ್ರ ಸ್ನೇಹಿತರನ್ನು ಬದಿಗೆ ಕರೆದು, “ತಮ್ಮಾ, ಕತ್ತಲಾದ ಮೇಲೆ ಗುಂಡಿ ತೋಡಿ ಮುಚ್ಚಿಬಿಡು, ಇಲ್ಲವಾದರೆ ಖಟ್ಲೆ ಬೆನ್ನು ಹತ್ತುತ್ತದೆ” ಎಂದು ಕಿವಿಯಲ್ಲಿ ಹೇಳಿದರು. ಗಾಬರಿಗೊಂಡ ಸ್ನೇಹಿತರು ನನಗೆ ಫೋನು ಮಾಡಿದರು.

ನಾನು ವಕೀಲನಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಮನೆಯೇ ಒಮ್ಮೆ ಪಾಠ ಕಲಿತಿದೆ. ಅದನ್ನು ಮುಂದೆ ಹೇಳುತ್ತೇನೆ. ಆ ಹತ್ತು ಬುದ್ಧಿಗಳಲ್ಲಿ ಪ್ರತಿಯೊಂದೂ ಕಾಯಿದೆಯ ಪ್ರಕಾರ ತಪ್ಪೆಂದು ಅಂದು ಅವರಿಗೆ ಹೇಳಿದೆ. ಹೂಳುವುದೂ ತಪ್ಪೇ ಎಂದಾಗ ಅವರು ನಂಬಲಿಲ್ಲ. ನಮ್ಮ ಕಡೆಯ ಬಹಳ ಒಕ್ಕಲಿಗರೂ ನಂಬಲಾರರು. ಆದುದರಿಂದ ಈ ವಾರ ಬೀಜ ಗೊಬ್ಬರಗಳ ಮಾತನ್ನು ಬದಿಗಿಟ್ಟು ಇದನ್ನೇ ಬರೆಯಬೇಕಾಯಿತು.

ಸೊಲ್ಲಾಪುರ, ಅಕ್ಕಲಕೋಟಗಳು ಮುಂಬಯಿ ರಾಜ್ಯದಲ್ಲಿದ್ದಾಗ 1951ರ ಒಂದು ಕಾಯಿದೆಯಿತ್ತು. ಅದರಂತೆ ಪರವಾನಿಗೆ ಪಡೆದವರು ಬೇಟೆಯಾಡಬಹುದಾಗಿತ್ತು. ಹಳೆಯ ವಾಡೆಗಳ ಗೋಡೆಯ ಮೇಲೆ ಇಂದಿಗೂ ಕಾಣುವ ಕೊಂಬುಗಳು, ತಲೆಗಳು ಆ ಕಾಲದವು ಅಥವಾ ಅದಕ್ಕೂ ಹಿಂದಿನವು. ಇಡೀ ದೇಶಕ್ಕೆ ಅನ್ವಯಿಸುವ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಅದಕ್ಕೆ ಹಲವು ಸಲ ತಿದ್ದುಪಡಿಯಾಗಿದೆ. ಅವುಗಳಲ್ಲಿ ದೊಡ್ಡದಾದ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು ಆರು ಇದ್ದ ಅನುಸೂಚಿಗಳು ಈಗ ನಾಲ್ಕು. ಪ್ರಾಣಿಗಳ ಮಟ್ಟಿಗೆ ನಮಗೆ ಬೇಕಾದವು ಮೊದಲಿನ ಎರಡು. ಚಿಗರಿ, ನವಿಲು, ತೋಳ, ಚಿರತೆ, ಉಡ, ಚಿಪ್ಪುಹಂದಿ, ನಮ್ಮ ನಾನ್ನಜದ ಮಾಳಢೋಕ ಪಕ್ಷಿ, ಇವೆಲ್ಲ ಒಂದನೆಯ ಅನುಸೂಚಿಯವು, ಎಂದರೆ ಅತಿ ಹೆಚ್ಚಿನ ರಕ್ಷಣೆಯವು. ಬೆಳೆ ತಿನ್ನುವ ಕಾಡುಹಂದಿ ಎರಡನೆಯದರಲ್ಲಿದೆ. ಉಪದ್ರವಿ ಪ್ರಾಣಿಗಳೆಂದು ಬೇರೆಯಾಗಿದ್ದ ಹಳೆಯ ಪಟ್ಟಿಯನ್ನು ಈ ತಿದ್ದುಪಡಿಯಲ್ಲಿ ತೆಗೆದುಹಾಕಿರುವುದರಿಂದ, “ಇದು ಸಣ್ಣ ಪ್ರಾಣಿ, ಯಾರು ಕೇಳುತ್ತಾರೆ” ಎಂಬ ಧೈರ್ಯ ಈಗ ಯಾವುದರ ಮೇಲೂ ಬೇಡ.

ಕಾಯಿದೆಯ 39ನೆಯ ಕಲಮು ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತದೆ. ಬೇಟೆಯಲ್ಲಿ ಕೊಂದದ್ದಿರಲಿ, ತಪ್ಪಿ ಕೊಂದದ್ದಿರಲಿ, ತಾನಾಗಿ ಸತ್ತು ಸಿಕ್ಕಿದ್ದಿರಲಿ, ಕಾಡುಪ್ರಾಣಿ ಸರಕಾರದ ಆಸ್ತಿ. ಹೊಲ ನಿಮ್ಮದು, ಬದು ನಿಮ್ಮದು, ಅದು ತಿಂದ ಜೋಳವೂ ನಿಮ್ಮದು. ಆದರೆ ಆ ಹೆಣ ನಿಮ್ಮದಲ್ಲ. ಜೀವದ ಭಯದಿಂದ, ಪ್ರಾಮಾಣಿಕವಾಗಿ ಆತ್ಮರಕ್ಷಣೆಗೆಂದು ಪ್ರಾಣಿಯನ್ನು ಕೊಂದರೆ 11ನೆಯ ಕಲಮಿನಂತೆ ಅದು ಅಪರಾಧವಾಗುವುದಿಲ್ಲ. ಆದರೂ ಹಾಗೆ ಕೊಂದ ಪ್ರಾಣಿ ಸರಕಾರಕ್ಕೇ ಸೇರುತ್ತದೆ. 2020ರ ದಶಂಬರದಲ್ಲಿ ನಮ್ಮ ಜಿಲ್ಲೆಯ ಕರಮಾಳಾ ತಾಲೂಕಿನಲ್ಲಿ ಜನರನ್ನು ಕೊಂದ ಚಿರತೆಯನ್ನು ಸರಕಾರದ ಹುಕುಮಿನಂತೆ ಗುಂಡಿಟ್ಟು ಕೊಂದದ್ದು ಎಲ್ಲರಿಗೂ ನೆನಪಿದೆ. ಹಾಗೆ ಅಪ್ಪಣೆಯಿಂದ ಕೊಂದವನಿಗೂ ಅದರ ಒಂದು ಉಗುರಿನ ಮೇಲೆ ಹಕ್ಕಿಲ್ಲ.

ಅದೇ ಕಲಮಿನಲ್ಲಿ ಇನ್ನೂ ಎರಡು ಮಾತುಗಳಿವೆ. ಇಂಥ ಸರಕಾರಿ ಆಸ್ತಿ ಯಾವುದೇ ರೀತಿಯಿಂದ ಕೈಗೆ ಬಂದವನು 48 ತಾಸುಗಳ ಒಳಗೆ ಹತ್ತಿರದ ಪೋಲೀಸ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ವರದಿ ಕೊಡತಕ್ಕದ್ದು, ಕೇಳಿದರೆ ಒಪ್ಪಿಸತಕ್ಕದ್ದು. ಎರಡನೆಯದಾಗಿ, ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಬರಹದ ಅಪ್ಪಣೆಯಿಲ್ಲದೆ ಅದನ್ನು ಇಟ್ಟುಕೊಳ್ಳಬಾರದು, ಬೇರೆಯವರಿಗೆ ಕೊಡಬಾರದು, ನಾಶಪಡಿಸಲೂ ಬಾರದು. ಕತ್ತಲಲ್ಲಿ ಹೂಳುವ, ಸುಡುವ ಕೆಲಸ ಈ ಕೊನೆಯ ಮಾತಿನೊಳಗೆ ಬರುತ್ತದೆ. ತಪ್ಪು ಮಾಡದವನು ಹೆದರಿ ಹೂತರೆ, ಆ ಗುಂಡಿಯೇ ಅವನ ಮೇಲೆ ಸಾಕ್ಷಿ ಹೇಳುತ್ತದೆ.

ತೊಗಲು ತುಂಬುವ ವಿದ್ಯೆಗೆ ಇಂಗ್ಲಿಷಿನಲ್ಲಿ ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ಕಾಯಿದೆಯ ಪ್ರಕಾರ ಅದರ ಅರ್ಥ ಬಹಳ ವಿಶಾಲ. ಪ್ರಾಣಿಯ ಇಡೀ ದೇಹವನ್ನಾಗಲಿ ಭಾಗವನ್ನಾಗಲಿ ಹದಮಾಡಿ, ಸಿದ್ಧಮಾಡಿ, ಕೆಡದಂತೆ ಇಡುವುದೆಲ್ಲ ಟ್ಯಾಕ್ಸಿಡರ್ಮಿಯೇ. ಹಾಗೆ ಕಾದಿಟ್ಟ ವಸ್ತುವಿಗೆ ಟ್ರೋಫಿ ಎಂದು ಹೆಸರು. ತೊಗಲು, ಕೊಂಬು, ಎಲುಬು, ಚಿಪ್ಪು, ಕೂದಲು, ಗರಿ, ಉಗುರು, ಹಲ್ಲು, ದಂತ, ತತ್ತಿ, ಗೂಡು ಎಲ್ಲವೂ ಅದರಲ್ಲಿ ಸೇರಿವೆ. ಹದಮಾಡದ ಹಸಿಯ ಭಾಗಕ್ಕೂ ಬೇರೆ ಹೆಸರಿಟ್ಟು ಅದನ್ನೂ ಕಟ್ಟಿಹಾಕಿದ್ದಾರೆ. ಆದುದರಿಂದ ಕೊಂಬಿಗೆ ಎಣ್ಣೆ ಸವರಿದವನೂ, ತೊಗಲಿಗೆ ಉಪ್ಪು ತಿಕ್ಕಿದವನೂ, ಏನೂ ಮಾಡದೆ ಅಟ್ಟದ ಮೇಲೆ ಒಗೆದವನೂ ಕಾಯಿದೆಯ ಕಣ್ಣಿಗೆ ಒಂದೇ. ಅಲ್ಲದೆ “ಬೇಟೆ” ಎಂಬ ಶಬ್ದದ ಅರ್ಥದಲ್ಲಿ ಪ್ರಾಣಿಯ ದೇಹದ ಭಾಗವನ್ನು ತೆಗೆದುಕೊಳ್ಳುವುದನ್ನೂ ಸೇರಿಸಿರುವುದರಿಂದ, ಸತ್ತ ಚಿಗರಿಯ ಕೊಂಬಿಗೆ ಗರಗಸ ಇಟ್ಟವನು ತಾನು ಬೇಟೆಗಾರನಲ್ಲವೆಂದು ಸಾಧಿಸಲು ಕಷ್ಟಪಡಬೇಕಾಗುತ್ತದೆ.

ಶಿಕ್ಷೆಯೂ ಹಗುರವಲ್ಲ. ಒಂದನೆಯ ಅನುಸೂಚಿಯ ಪ್ರಾಣಿಯ ಸಂಬಂಧವಾದ ಅಪರಾಧಕ್ಕೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಮನೆ. 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇತರ ಹೆಚ್ಚಿನ ಅಪರಾಧಗಳಿಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದೆಲ್ಲಕ್ಕಿಂತ ಒಕ್ಕಲಿಗನು ಲಕ್ಷ್ಯದಲ್ಲಿಡಬೇಕಾದದ್ದು 57ನೆಯ ಕಲಮು. ವಸ್ತು ನಿಮ್ಮ ವಶದಲ್ಲಿ ಸಿಕ್ಕಿತೆಂದು ಸಿದ್ಧವಾದರೆ, ಅದು ಅಕ್ರಮವಾಗಿಯೇ ಇದೆಯೆಂದು ಕೋರ್ಟು ತಿಳಿಯುತ್ತದೆ. ಸಕ್ರಮವೆಂದು ತೋರಿಸುವ ಹೊಣೆ ನಿಮ್ಮದು. ಬೇರೆ ಖಟ್ಲೆಗಳಲ್ಲಿ ಸರಕಾರ ಸಾಧಿಸಬೇಕು, ಇಲ್ಲಿ ನಾವು ಸಾಧಿಸಬೇಕು. “ಸತ್ತದ್ದು ಸಿಕ್ಕಿತ್ತು ಸಾಹೇಬರೇ” ಎಂಬ ಮಾತಿಗೆ ವರದಿ ಕೊಟ್ಟ ಕಾಗದವಿಲ್ಲದಿದ್ದರೆ ಬೆಲೆಯಿಲ್ಲ. 2023ರ ಅಕ್ಟೋಬರದಲ್ಲಿ ಬೆಂಗಳೂರಿನಲ್ಲಿ ಟೆಲಿವಿಷನ್ ಸ್ಪರ್ಧೆಯೊಂದರಲ್ಲಿದ್ದ ಒಬ್ಬರನ್ನು ಕೊರಳಲ್ಲಿದ್ದ ಹುಲಿಯುಗುರಿನ ಪದಕಕ್ಕಾಗಿ ಅರಣ್ಯ ಇಲಾಖೆ ಬಂಧಿಸಿದ ಮೇಲೆ ಎಷ್ಟು ಮನೆಗಳಲ್ಲಿ ಪೆಟ್ಟಿಗೆಗಳು ತೆರೆದುಕೊಂಡವೆಂಬುದು ಆ ಮನೆಯವರಿಗೇ ಗೊತ್ತು.

ಈಗ ನಮ್ಮ ಮನೆಯ ಮಾತು. ನಮ್ಮ ಅಜ್ಜನ ಕಾಲದಿಂದ ಪಡಸಾಲೆಯಲ್ಲಿ ಒಂದು ಜೋಡಿ ಚಿಗರಿ ಕೊಂಬು ಇದ್ದವು. ಹಬ್ಬಕ್ಕೊಮ್ಮೆ ಒರೆಸಿ ಕುಂಕುಮ ಹಚ್ಚುತ್ತಿದ್ದೆವು. ಅವುಗಳ ಮೇಲೆ ನಾವು ಟೊಪ್ಪಿಗೆ, ಪಟಗ ತೂಗುಹಾಕುತ್ತಿದ್ದೆವು. ಇದು ಅಪರಾಧವಾದೀತೆಂದು ಯಾರಿಗೂ ಹೊಳೆಯಲಿಲ್ಲ. 1972ರ ಕಾಯಿದೆ ಜಾರಿಯಾದಾಗ ಇಂಥ ವಸ್ತುಗಳಿದ್ದವರು 30 ದಿನಗಳಲ್ಲಿ ತಿಳಿಸಬೇಕೆಂದಿತ್ತು. ಆ ಮೇಲೆ 2003ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಹೊಸ ನಿಯಮಗಳನ್ನು ಮಾಡಿ, ತಿಳಿಸದೆ ಉಳಿದವರಿಗೆ 180 ದಿನಗಳ ಇನ್ನೊಂದು ಅವಕಾಶ ಕೊಟ್ಟಿತು. ತಿಳಿಸಿದವರಿಗೆ ಮಾಲಕಿಯ ಪ್ರಮಾಣಪತ್ರ ಸಿಗುವಂತಿತ್ತು. ಎರಡು ಸಲದ ಸುದ್ದಿಯೂ ನಮ್ಮ ತಂದೆಯವರಿಗೆ ಮುಟ್ಟಲಿಲ್ಲ. ಮರಾಠಿ ವೃತ್ತಪತ್ರಿಕೆಯಲ್ಲಿ ಬಂದಿತ್ತೋ ಏನೋ. ನಮ್ಮ ಮನೆಯಲ್ಲಿ ಕನ್ನಡ ಪತ್ರಿಕೆ ಮಾತ್ರ ಬರುತ್ತಿತ್ತು. ಗಡಿಯಲ್ಲಿರುವವರ ಪಾಡು ಇದು. ಕಾಯಿದೆ ಎಲ್ಲರಿಗೂ ಒಂದೇ ದಿನ ಅನ್ವಯಿಸುತ್ತದೆ, ಸುದ್ದಿ ಮಾತ್ರ ನಮ್ಮ ಭಾಷೆಗೆ ಬರುವಷ್ಟರಲ್ಲಿ ಮುದ್ದತು ತೀರಿರುತ್ತದೆ.

ತಂದೆಯವರು ತೀರಿದ ಮೇಲೆ ಕೊಂಬು ನನ್ನ ಪಾಲಿಗೆ ಬಂತು. ಪ್ರಮಾಣಪತ್ರವಿರುವ ವಸ್ತು ವಾರಸಾಗಿ ಬಂದರೆ 90 ದಿನಗಳಲ್ಲಿ ಮುಖ್ಯ ವನ್ಯಜೀವಿ ಪಾಲಕರಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬಹುದು. ನನ್ನಲ್ಲಿ ಪತ್ರವೇ ಇರಲಿಲ್ಲ. ಪ್ರಮಾಣಪತ್ರ ಪಡೆದವರು ತಮಗೆ ಬೇಡವಾದರೆ ಏಳು ಕೆಲಸದ ದಿನಗಳ ನೋಟೀಸು ಕೊಟ್ಟು ವಸ್ತುವನ್ನು ಸರಕಾರಕ್ಕೆ ಒಪ್ಪಿಸುವ ದಾರಿಯನ್ನು 2022ರ ತಿದ್ದುಪಡಿ ತೆರೆದಿದೆ. ಅದಕ್ಕೆ ಪರಿಹಾರ ಸಿಗುವುದಿಲ್ಲ. ಪತ್ರವಿಲ್ಲದವನಿಗೆ ಆ ಕಲಮು ರಕ್ಷೆಯಾಗಲಾರದೆಂದು ಸೊಲ್ಲಾಪುರದ ಒಬ್ಬ ವಕೀಲರು ತಿಳಿಸಿ, ಅಜ್ಜನ ಕಾಲದ ಫೋಟೋ ಒಂದನ್ನೂ ಊರ ಇಬ್ಬರು ಹಿರಿಯರ ಹೇಳಿಕೆಯನ್ನೂ ಜೋಡಿಸಿ ಅರ್ಜಿ ಬರೆದುಕೊಟ್ಟರು. ಅರ್ಜಿ ಮತ್ತು ಕೊಂಬು ಎರಡನ್ನೂ ಅರಣ್ಯ ಕಛೇರಿಗೆ ಒಯ್ದು ಕೊಟ್ಟು ಪಾವತಿ ಪಡೆದೆ. ಅಂದಿನ ಅಧಿಕಾರಿ ಸಜ್ಜನರಿದ್ದರು, ಕೆಲಸ ಸರಳವಾಗಿ ಮುಗಿಯಿತು. ಎಲ್ಲರಿಗೂ ಹಾಗೇ ಆದೀತೆಂದು ನಾನು ಭರವಸೆ ಕೊಡಲಾರೆ. ಹಳೆಯ ಕೊಂಬು, ಕೃಷ್ಣಾಜಿನ, ಹುಲಿದೊಗಲು ಇರುವ ಮನೆಗಳೂ ಮಠಗಳೂ ಮೊದಲು ಕಾಗದ ಹುಡುಕಲಿ. ಸಿಗದಿದ್ದರೆ ವಕೀಲರನ್ನು ಕಂಡೇ ಮುಂದಿನ ಹೆಜ್ಜೆ ಇಡಲಿ. ಮಾರುವುದಂತೂ ಕನಸಿನಲ್ಲಿಯೂ ಬೇಡ. ಪ್ರಮಾಣಪತ್ರವಿದ್ದರೂ ಒಂದನೆಯ ಅನುಸೂಚಿಯ ವಸ್ತುವನ್ನು ಮಾರಲು, ಯಾವುದೇ ವ್ಯಾಪಾರದ ರೀತಿಯಲ್ಲಿ ಕೈ ಬದಲಿಸಲು ಬರುವುದಿಲ್ಲ.

ಹಳೆಯ ತುಂಬಿದ ಪ್ರಾಣಿಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಹಿಂದಿನ ಕಾಲದಲ್ಲಿ ತೊಗಲಿಗೆ ಹುಳ ಬೀಳದಂತೆ ಒಳಗಡೆಗೆ ಪಾಷಾಣದ ಸಾಬೂನು ಸವರುತ್ತಿದ್ದರು. ಪಾಷಾಣ ವರ್ಷಗಳು ಕಳೆದರೂ ವಿಷವೇ. ಅಂಥ ತಲೆಗಳನ್ನು ಮಕ್ಕಳು ಮುಟ್ಟಿ ಆಡದಂತೆ ನೋಡಿಕೊಳ್ಳಬೇಕು.

ಈ ವಿದ್ಯೆಯಲ್ಲಿ ನಮ್ಮ ಮೈಸೂರು ಒಮ್ಮೆ ಲೋಕಪ್ರಸಿದ್ಧವಾಗಿತ್ತು. ಅಲ್ಲಿಯ ವಾನ್ ಇಂಗೆನ್ ಮನೆತನದ ಕಾರಖಾನೆಗೆ ದೇಶದ ಮಹಾರಾಜರೂ ಹೊರದೇಶದ ಬೇಟೆಗಾರರೂ ತೊಗಲು ಕಳಿಸುತ್ತಿದ್ದರು. ಸಾವಿರಾರು ಹುಲಿ ಚಿರತೆಗಳು ಅಲ್ಲಿಂದ ಗಾಜಿನ ಕಣ್ಣು ಪಡೆದು ಹೊರಟವು. 1972ರ ಕಾಯಿದೆಯಿಂದ ಬೇಟೆ ನಿಂತಿತು, ಕೆಲಸ ಇಳಿಯಿತು, 1999ರಲ್ಲಿ ಕಾರಖಾನೆ ಮುಚ್ಚಿತು. ಮನೆತನದ ಜೂಬರ್ಟ್ ವಾನ್ ಇಂಗೆನ್ ನೂರು ವರ್ಷ ದಾಟಿ 2013ರಲ್ಲಿ ತೀರಿಕೊಂಡರು. ಹಾಗೆಂದು ವಿದ್ಯೆ ಪೂರ್ತಿ ಸತ್ತಿಲ್ಲ. ನಮ್ಮ ಮಹಾರಾಷ್ಟ್ರದಲ್ಲಿಯೇ, ಮುಂಬಯಿಯ ಬೋರಿವಲಿಯಲ್ಲಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ವನ್ಯಜೀವಿಗಳ ಟ್ಯಾಕ್ಸಿಡರ್ಮಿ ಕೇಂದ್ರ ಪ್ರಾರಂಭವಾಯಿತು. ಮುಂಬಯಿ ಪಶುವೈದ್ಯ ಕಾಲೇಜಿನ ಶರೀರರಚನಾಶಾಸ್ತ್ರದ ಅಧ್ಯಾಪಕ ಡಾ. ಸಂತೋಷ ಗಾಯಕವಾಡರು ಅದನ್ನು ನಡೆಸಿದವರು. ಸತ್ತ ಹುಲಿ, ಸಿಂಹಗಳ ತೊಗಲನ್ನು ಹದಮಾಡಿ, ಒಳಗೆ ಹುಲ್ಲಿನ ಬದಲು ಮೈಕಟ್ಟಿಗೆ ಸರಿಯಾದ ಅಚ್ಚು ಮಾಡಿ ನಿಲ್ಲಿಸುತ್ತಾರೆ. ಅಲ್ಲಿಯೂ ಸರಕಾರದ ಬರಹದ ಅಪ್ಪಣೆಯಿಲ್ಲದೆ ಕತ್ತಿ ಏಳುವುದಿಲ್ಲ. ಊರ ಮಾಸ್ತರರ ಆಸೆಗೆ ಇರುವ ಮಾರ್ಗವೂ ಇದೊಂದೇ: ಅರ್ಜಿ, ಮುಖ್ಯ ವನ್ಯಜೀವಿ ಪಾಲಕರ ಅಪ್ಪಣೆ, ಆ ಮೇಲೆ ಕೆಲಸ. ಅಪ್ಪಣೆ ಬರುವವರೆಗೆ ಹೆಣ ನಮ್ಮ ಬಿಸಿಲಿನಲ್ಲಿ ಎಷ್ಟು ತಾಸು ಉಳಿದೀತೆಂದು ಯಾರೂ ಹೇಳಬಲ್ಲರು. ಚಿಕ್ಕ ಶಾಲೆಗೆ ಇದು ಆಗದ ಮಾತು.

ನವಿಲಿನ ವಿಷಯದಲ್ಲಿ ಜನರಿಗೆ ಗೊಂದಲವಿದೆ. ತಾನಾಗಿ ಉದುರಿದ ನವಿಲುಗರಿಯನ್ನು ಆಯ್ದು ಇಟ್ಟುಕೊಳ್ಳುವ ಪದ್ಧತಿ ಬಹಳ ಹಳೆಯದೆಂದು ಕಾಯಿದೆ ಬಾಲದ ಗರಿಗೆ ವ್ಯಾಪಾರದ ಕಲಮುಗಳಲ್ಲಿ ವಿನಾಯಿತಿ ಕೊಟ್ಟಿದೆ. ಹೊಲದಲ್ಲಿ ಬಿದ್ದ ಗರಿಯನ್ನು ಮಗು ಪುಸ್ತಕದಲ್ಲಿಟ್ಟರೆ ಹೆದರಬೇಕಾಗಿಲ್ಲ. ಆದರೆ ವಿನಾಯಿತಿ ಗರಿಗೆ ಮಾತ್ರ. ಸತ್ತ ನವಿಲನ್ನು ಸುಲಿದು ಗರಿ ಕೀಳಲು, ತುಂಬಿ ನಿಲ್ಲಿಸಲು, ಅದರ ಕೊಬ್ಬಿನ ಎಣ್ಣೆ ತೆಗೆಯಲು ಅಲ್ಲ. ಜಾತ್ರೆಗಳಲ್ಲಿ ನರಿಕೊಂಬೆಂದೂ ಹತ್ತಾಜೋಡಿಯೆಂದೂ ಮಾರುವವರ ಬಗ್ಗೆಯೂ ಎಚ್ಚರ ಬೇಕು. ನರಿಗೆ ಕೊಂಬೇ ಇಲ್ಲ. ಹತ್ತಾಜೋಡಿ ಬೇರಲ್ಲ, ಉಡದ ಗುಹ್ಯಾಂಗವನ್ನು ಒಣಗಿಸಿದ್ದೆಂದು 2017ರಲ್ಲಿ ಬಯಲಾಗಿದೆ. ಅದೃಷ್ಟಕ್ಕೆಂದು ಹಣ ಕೊಟ್ಟು ಏಳು ವರ್ಷದ ಶಿಕ್ಷೆಯನ್ನು ಮನೆಗೆ ತರುವುದು ಯಾವ ಜಾಣತನ?

ಇಲ್ಲಿಯವರೆಗೆ ಕಾಯಿದೆಯ ಭಯವನ್ನೇ ಹೇಳಿದೆ. ಕಾಯಿದೆ ಇಲ್ಲದಿದ್ದರೂ ಒಕ್ಕಲಿಗನು ಸತ್ತ ಕಾಡುಪ್ರಾಣಿಯನ್ನು ಸುಲಿಯಬಾರದು. ನೆರಡಿ ಬೇನೆಯಿಂದ, ಎಂದರೆ ಆಂಥ್ರ್ಯಾಕ್ಸಿನಿಂದ, ಸತ್ತ ಪ್ರಾಣಿಯ ಮೂಗು, ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುವುದುಂಟು. ಅದನ್ನು ಕೊಯ್ದರೆ ರೋಗಾಣುಗಳು ಗಾಳಿಗೆ ತಾಗಿ ಗಟ್ಟಿ ಬೀಜಗಳಾಗಿ ಮಣ್ಣಿನಲ್ಲಿ ದಶಕಗಳವರೆಗೆ ಬದುಕುತ್ತವೆ. ದನ, ಕುರಿ, ಸುಲಿದವನ ಕೈ ಮೂರಕ್ಕೂ ಅಪಾಯ. ಹುಚ್ಚು ಹಿಡಿದ ತೋಳ ನರಿಗಳ ಜೊಲ್ಲೂ ಹಾಗೆಯೇ. ನವಿಲುಗಳು ನಾಲ್ಕಾರು ಒಟ್ಟಿಗೆ ಸತ್ತು ಬಿದ್ದರೆ ಒಂದೋ ರೋಗ, ಒಂದೋ ವಿಷ. ಬೀಜೋಪಚಾರ ಮಾಡಿದ ಕಾಳನ್ನು ಮೇಲೆ ಚೆಲ್ಲಿ ಬಿಟ್ಟರೆ ನವಿಲು ಆರಿಸಿ ತಿಂದು ಸಾಯುತ್ತವೆ. ಬಿತ್ತುವಾಗ ಕಾಳನ್ನು ಚೆನ್ನಾಗಿ ಮಣ್ಣು ಮುಚ್ಚುವುದು, ಉಳಿದದ್ದನ್ನು ಬದುವಿಗೆ ಸುರಿಯದಿರುವುದು ನಮ್ಮ ಕೈಯಲ್ಲಿದೆ. ಕಟ್ಟೆಯಿಲ್ಲದ ಬಾವಿಗಳೂ ನಮ್ಮ ಕಡೆ ಚಿಗರಿ, ತೋಳಗಳಿಗೆ ಮೃತ್ಯುವಾಗಿವೆ. ಹಂದಿಗೆಂದು ತಂತಿಗೆ ವಿದ್ಯುತ್ತು ಹಾಯಿಸುವವರಿಗೆ ಹೇಳುವ ಮಾತು ಬೇರೆಯೇ ಇದೆ. ಅದರಲ್ಲಿ ಸತ್ತ ಪ್ರಾಣಿ “ಸತ್ತು ಸಿಕ್ಕಿದ್ದು” ಅಲ್ಲ, ಕೊಂದದ್ದು.

ಸ್ನೇಹಿತರಿಗೆ ನಾನು ಅಂದು ಹೇಳಿದ್ದು ಇಷ್ಟೇ. ಹೆಣವನ್ನು ಮುಟ್ಟಬೇಡಿ, ಕದಲಿಸಬೇಡಿ. ನಾಯಿ, ಕಾಗೆ ಎಳೆಯದಂತೆ ಒಬ್ಬರನ್ನು ಕಾವಲಿಡಿ. ಇದ್ದಲ್ಲೇ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆಯಿರಿ. ಅರಣ್ಯ ಇಲಾಖೆಯ 1926 ನಂಬರಿಗೆ ಫೋನು ಮಾಡಿ; ಮಾಡಿದ ವೇಳೆ ಬರೆದಿಡಿ. ಪೋಲೀಸ ಪಾಟೀಲರಿಗೂ ತಿಳಿಸಿ. ನಿಂತ ಬೆಳೆಗೆ ಹಾನಿಯಾಗಿದ್ದರೆ ಅದರ ಅರ್ಜಿಯನ್ನು ಬೇರೆಯಾಗಿ ಕೊಡಿ, ಎರಡನ್ನೂ ಕೂಡಿಸಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಪಂಚನಾಮೆ. ಅದು ಮರಾಠಿಯಲ್ಲಿರುತ್ತದೆ. ನಮ್ಮ ಹಿರಿಯರು ಓದಲು ಬಾರದೆ ಬೆರಳು ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ. ಹೆಣ ಎಲ್ಲಿ ಬಿದ್ದಿತ್ತು, ಯಾರು ಮೊದಲು ಕಂಡರು, ಎಷ್ಟು ಹೊತ್ತಿಗೆ ತಿಳಿಸಿದರು, ಕೊಂಬು ಉಗುರು ಎಲ್ಲ ಇದ್ದವೆ, ಗಾಯ ಎಂಥದು, ಈ ಸಂಗತಿಗಳು ಅದರಲ್ಲಿ ಸರಿಯಾಗಿವೆಯೆಂದು ಮರಾಠಿ ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ತಿಳಿದುಕೊಂಡ ಮೇಲೆಯೇ ಸಹಿ ಮಾಡಿ. ನಕಲು ಪ್ರತಿಗಾಗಿ ಕೇಳಿಕೊಳ್ಳಿ, ಸಿಗದಿದ್ದರೆ ಚಿತ್ರವನ್ನಾದರೂ ತೆಗೆದಿಡಿ.

ಬೆಳಿಗ್ಗೆ ಏಳಕ್ಕೆ ಫೋನು ಮಾಡಿದರೆ ವನರಕ್ಷಕರು ಬಂದದ್ದು ಮಧ್ಯಾಹ್ನ ಮೂರಕ್ಕೆ. ಇದು ಸಣ್ಣ ದೂರಲ್ಲ. ಸುಗ್ಗಿಯ ದಿನದಲ್ಲಿ ಎಂಟು ತಾಸು ಒಂದು ಆಳನ್ನು ಹೆಣ ಕಾಯಲು ನಿಲ್ಲಿಸುವುದು ಬಡವನಿಗೆ ಆಗದ ಕೆಲಸ. ತಿಳಿಸಿದವನಿಗೇ ಹೀಗೆ ತೊಂದರೆಯಾದರೆ ಮುಂದಿನವನು ಗುದ್ದಲಿ ಹಿಡಿಯುತ್ತಾನೆ. ಕಾಯಿದೆ ಮಾಡಿದವರು 48 ತಾಸಿನ ಮುದ್ದತು ನಮಗೆ ಹಾಕಿದ್ದಾರೆ. ಬರುವವರಿಗೂ ಒಂದು ಮುದ್ದತು ಹಾಕಿದ್ದರೆ ಚೆನ್ನಾಗಿತ್ತು. ಹಾಗಿದ್ದರೂ ಬಂದವರು ಕೆಲಸವನ್ನು ಕ್ರಮವಾಗಿ ಮಾಡಿದರು. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ನಾಯಿ ಕಡಿತವೆಂದು ಬರೆದರು. ಕಾಲೇಜಿಗೆ ಹೋಗುವ ಸ್ನೇಹಿತರ ಮಗಳು ಪಂಚನಾಮೆಯನ್ನು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ಗಟ್ಟಿನ ನಂಬರು ತಪ್ಪಾಗಿ ಮಗ್ಗುಲಿನ ಹೊಲದ್ದು ಬಿದ್ದಿತ್ತು, ತಿದ್ದಿಸಿದರು. ಸಂಜೆ ಕಟ್ಟಿಗೆ ಒಟ್ಟಿ ಕೊಂಬಿನ ಸಮೇತ ಸುಟ್ಟರು.

“ಕೊಂಬೂ?” ಎಂದು ಮಾಸ್ತರರು ಕೇಳಿದರಂತೆ. ಕೊಂಬೂ ಎಂದರಂತೆ ವನರಕ್ಷಕರು.

ಮಾಸ್ತರರ ಮುಖ ನೋಡಿ ಸ್ನೇಹಿತರಿಗೆ ಕೆಡುಕೆನಿಸಿತು. ಹೋದ ವರ್ಷ ಅವರ ಮನೆಯ ಖಿಲಾರಿ ಎತ್ತು ಮುಪ್ಪಾಗಿ ಸತ್ತಿತ್ತು. ಹದಿನಾರು ವರ್ಷ ದುಡಿದ ಎತ್ತು. ಅದರ ನೀಳ ಕೊಂಬುಗಳನ್ನು ತೆಗೆದು ಕೊಟ್ಟಿಗೆಯ ತೊಲೆಗೆ ಕಟ್ಟಿದ್ದರು. ಮರುದಿನ ಅವನ್ನು ಬಿಚ್ಚಿ, ಬೂದಿ ಹಚ್ಚಿ ತಿಕ್ಕಿ, ಶಾಲೆಗೆ ಕೊಟ್ಟು ಬಂದರು. ಸಾಕಿದ ದನ ಈ ಕಾಯಿದೆಯ ಅನುಸೂಚಿಗಳಲ್ಲಿ ಇಲ್ಲ. ಅವಕ್ಕೆ ವನ್ಯಜೀವಿ ಪಾಲಕರ ಅಪ್ಪಣೆ ಬೇಕಾಗಲಿಲ್ಲ.